ಪೆನ್ಸಿಲ್ ಗುರುತಿನ ಮೊಟ್ಟೆಗಳು

ಕೋಳಿಗಳನ್ನು ಹಿತ್ತಲಿನ ಶೆಡ್ಡಿನಿಂದ ಹೊರಹಾಕಿದ ದಿನ ಆ ಮನೆಯಲ್ಲಿ ಮಧ್ಯಾಹ್ನದ ಊಟ ಆದದ್ದು ಸಂಜೆ ನಾಲ್ಕಕ್ಕೆ. ಕೋಳಿಯಮ್ಮ ಒಲೆ ಹಚ್ಚಲೇ ಇಲ್ಲ. ತಗಡಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಗಂಡನ ಮುಖ ನೋಡದೆ, ಅಂಗಳದಲ್ಲಿ ದಿಕ್ಕು ತೋಚದೆ ಅಲೆಯುತ್ತಿದ್ದ ಹದಿನೆಂಟು ಕೋಳಿಗಳಿಗೇ ದೂರು ಹೇಳಿದಳು.

“ನಿಮ್ಮ ಯಜಮಾನರಿಗೆ ಈಗ ಆಮೆ ಹೆಚ್ಚಾಯ್ತು. ನೀವು ಬೀದಿಪಾಲು. ಹೋಗಿ, ಅವರನ್ನೇ ಕೇಳಿ ಎಲ್ಲಿ ಮಲಗೋದು ಅಂತ.”

“ಎರಡು ತಿಂಗಳ ಮಾತು ಕಣೆ,” ಎಂದ ಗಂಡ.

“ನೀವು ನನಗೆ ಎರಡು ತಿಂಗಳು ಅಂದದ್ದು ಯಾವುದು ಎರಡು ತಿಂಗಳಿಗೆ ಮುಗಿದಿದೆ?”

ಈ ಗಂಡನನ್ನು ಊರಿನವರು ಮೊಟ್ಟೆಯಜ್ಜ ಎಂದು ಕರೆಯುತ್ತಿದ್ದರು. ಅದು ಮರ್ಯಾದೆಯ ಹೆಸರಲ್ಲ. ಮೂವತ್ತು ವರ್ಷ ಅವನು ಕಡಲಾಮೆಯ ಮೊಟ್ಟೆಗಳನ್ನು ಮರಳಿನಿಂದ ತೆಗೆದು ಪೇಟೆಯಲ್ಲಿ ಮಾರಿದವನು. ಚೂಪಾದ ಕೋಲನ್ನು ಮರಳಿಗೆ ಚುಚ್ಚಿ, ತುದಿಯನ್ನು ಮೂಸಿ, ಇಲ್ಲಿದೆ, ಇಲ್ಲಿಲ್ಲ ಎಂದು ಹೇಳುತ್ತಿದ್ದ. ಒಂದು ಸಲವೂ ತಪ್ಪುತ್ತಿರಲಿಲ್ಲ. ಆಮೆಗಳನ್ನು ಉಳಿಸಲು ಬಂದ ಆಮೆ ಮೇಡಂ ಊರೆಲ್ಲ ವಿಚಾರಿಸಿ ಕೊನೆಗೆ ಅವನನ್ನೇ ಕಾವಲಿಗೆ ಹಿಡಿದದ್ದು ಆ ಮೂಗಿಗಾಗಿ. ಜನ ನಕ್ಕರು. ಅಜ್ಜ ನಗಲಿಲ್ಲ. ಅರವತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಯಾರೋ ಅವನ ಕೈಗೆ ಒಂದು ಕೆಲಸವನ್ನು ನಂಬಿ ಕೊಟ್ಟಿದ್ದರು.

ಅರಣ್ಯ ಇಲಾಖೆಯವರಿಗೆ ಊರಿನ ಮೇಲೆ ನಂಬಿಕೆ ಇರಲಿಲ್ಲ. ದಂಡೆಗೆ ಉದ್ದಕ್ಕೂ ತಂತಿಬೇಲಿ ಹಾಕಿ ಜನರನ್ನು ಹೊರಗಿಡುವ ಯೋಚನೆಯಲ್ಲಿದ್ದರು. ಮೇಡಂ ಅವರನ್ನು ಕಾಡಿ ಬೇಡಿ ಊರಿಗೆ ಒಂದು ಹಂಗಾಮು ಕೊಡಿಸಿದ್ದಳು. ಮೊಟ್ಟೆಗಳನ್ನು ಊರಿನವರೇ ಕಾಯಬೇಕು. ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಒಡೆದು ಮರಿಗಳು ಕಡಲು ಸೇರಿದರೆ ದಂಡೆ ಊರಿನ ಉಸ್ತುವಾರಿಯಲ್ಲೇ ಉಳಿಯುತ್ತದೆ. ಇಲ್ಲವಾದರೆ ಬೇಲಿ. ಬೇಲಿ ಎಂದರೆ ಮೂವತ್ತೆರಡು ಸಣ್ಣ ದೋಣಿಗಳಿಗೆ ನಿಲ್ಲಲು ಜಾಗವಿಲ್ಲ. ದೋಣಿಯ ಒಡೆಯರೆಲ್ಲ ದೂರದ ಬಂದರಿಗೆ ಹೋಗಿ ಬೇರೆಯವರ ದೊಡ್ಡ ಬೋಟಿನಲ್ಲಿ ಕೂಲಿಗೆ ನಿಲ್ಲಬೇಕು.

ಆದ್ದರಿಂದ ಊರು ಒಪ್ಪಿತು. ಆಮೆಗಳು ಸಿಕ್ಕಿಬೀಳದಿರಲೆಂದು ದಡದ ಹತ್ತಿರ ಬಲೆ ಬೀಸುವುದನ್ನು ನಾಲ್ಕು ತಿಂಗಳು ನಿಲ್ಲಿಸಿತು. ಅಜ್ಜನ ಮಗನೂ ನಿಲ್ಲಿಸಿದ, ಆದರೆ ಸುಮ್ಮನೆ ನಿಲ್ಲಿಸಲಿಲ್ಲ.

“ಅಪ್ಪ, ನಿನ್ನ ಮಾತು ಕಟ್ಟಿಕೊಂಡು ಬಲೆ ಅಟ್ಟಕ್ಕೆ ಹಾಕಿದೀನಿ,” ಎಂದ ತಟ್ಟೆಯ ಮುಂದೆ. “ಮೂರು ದಿನದಿಂದ ಬರೀ ಗಂಜಿ. ಇದು ಗೊತ್ತಿರಲಿ.”

“ಗಂಜಿ ಕುಡಿದು ಯಾರೂ ಸತ್ತಿಲ್ಲ.”

“ಸತ್ತೋರು ಬಂದು ಹೇಳ್ತಾರಾ?”

ಸೊಸೆ ಗಂಡನ ಲೋಟಕ್ಕೆ ನೀರು ಸುರಿದಳು. ಅವಳು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಬೆಳಗ್ಗೆ ಐದರಿಂದ ನಿಂತು ಬಂದವಳು. ಬೆರಳ ತುದಿಗಳು ಬೆಂದಂತಾಗಿದ್ದವು. “ಇಬ್ಬರೂ ಊಟ ಮಾಡಿ ಏಳಿ,” ಎಂದಳು. “ಜಗಳ ಆಡೋಕೂ ಹೊಟ್ಟೆಯಲ್ಲಿ ಏನಾದ್ರೂ ಇರಬೇಕಲ್ಲ.”

ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಂದು ವಾರ ಕಡಲು ಉಕ್ಕಿ ದಂಡೆಯ ಮರಳನ್ನೇ ಕಚ್ಚಿಕೊಂಡು ಹೋಯಿತು. ಮೊಟ್ಟೆಗಳಿಗೆಂದು ಕಟ್ಟಿದ್ದ, ಇನ್ನೂ ಖಾಲಿಯಿದ್ದ ಬಲೆಯ ಆವರಣವೂ ಹೋಯಿತು. ಇನ್ನು ಮೇಲೆ ಸಿಕ್ಕ ಮೊಟ್ಟೆಗಳನ್ನು ಮೀನಿಗೆ ಐಸ್ ತುಂಬುವ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ, ಮರಳಿನೊಳಗೆ ಇಟ್ಟು, ಮನೆಯ ನೆರಳಿನಲ್ಲಿ ಕಾಯುವುದೆಂದು ತೀರ್ಮಾನವಾಯಿತು. ಗಾಳಿಯಾಡುವ, ಬೆಚ್ಚಗಿರುವ, ಬೀಗ ಹಾಕುವ ಜಾಗ ಊರಿನಲ್ಲಿ ಒಂದೇ ಇತ್ತು. ಅದು ಕೋಳಿಯಮ್ಮನ ಶೆಡ್ಡು.

ಹೀಗೆ ಕೋಳಿಗಳು ಜಗಲಿಗೆ ಬಂದವು. ಅವಳು ಬಲ್ಬಿನ ಕಾವಿನಲ್ಲಿ ಮರಿ ಮಾಡಿಸುತ್ತಿದ್ದ ಮರದ ಪೆಟ್ಟಿಗೆ ಅಡುಗೆಮನೆಯ ಮೂಲೆ ಸೇರಿತು. ಆ ಪೆಟ್ಟಿಗೆಯಿಂದಲೇ ಅವಳಿಗೆ ಊರಿನಲ್ಲಿ ಹೆಸರು. ಯಾವ ಕೋಳಿಯೂ ಕಾವು ಕೂರದ ಕಾಲದಲ್ಲೂ ಅವಳ ಪೆಟ್ಟಿಗೆಯಲ್ಲಿ ಮರಿ ಚಿಂವ್ ಎನ್ನುತ್ತಿತ್ತು.

ಎರಡು ವಾರಗಳಲ್ಲಿ ಅಜ್ಜ ಐದು ಗೂಡುಗಳ ಮೊಟ್ಟೆ ತಂದ. ಬೆಳಕು ಹರಿಯುವ ಮುಂಚೆ ಹೋಗಿ, ಆಮೆ ಮರಳಿದ ಜಾಡು ಹಿಡಿದು, ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ, ಮೇಲಿದ್ದ ಬದಿಗೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ, ಆ ಗುರುತು ಮೇಲೇ ಇರುವಂತೆ ಪೆಟ್ಟಿಗೆಯಲ್ಲಿ ಕೂರಿಸಿದ. ಐನೂರ ಹದಿನಾರು ಮೊಟ್ಟೆ. ಆಮೆಯ ಮೊಟ್ಟೆಯೊಳಗೆ ಮರಿ ಮೊದಲ ದಿನವೇ ಮೇಲಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಮರಿ ಉಳಿಯುವುದಿಲ್ಲ. ಅಜ್ಜನಿಗೆ ಇದು ಅಪ್ಪನ ಕಾಲದಿಂದ ಗೊತ್ತು. ಮೇಡಂ ತರಬೇತಿಯಲ್ಲೂ ಹೇಳಿದ್ದಳು. ಮನೆಯಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಕೆಲಸದ ಮಾತನ್ನು ಹೆಂಡತಿಯ ಹತ್ತಿರ ಆಡುವ ರೂಢಿ ಅವನಿಗೆ ಮದುವೆಯಾದಂದಿನಿಂದಲೂ ಇರಲಿಲ್ಲ.

ಐದನೆಯ ಪೆಟ್ಟಿಗೆ ತುಂಬಿದ ಮೂರನೆಯ ದಿನ, ಕೊಚ್ಚಿಹೋದ ಆವರಣದ ತುಕ್ಕುತಂತಿ ಅವನ ಅಂಗಾಲಿಗೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು. ನಾಲ್ಕು ದಿನ ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ಓಡಾಡಿದ. ಐದನೆಯ ದಿನ ಕಾಲು ಮೊಣಕಾಲಿನವರೆಗೆ ಊದಿ ಜ್ವರ ಏರಿತು. ಮಗ ಆಸ್ಪತ್ರೆಗೆ ಒಯ್ಯಲು ಗಾಡಿ ತಂದು ಎತ್ತಿ ಕೂರಿಸಿದ.

ಕೋಳಿಯಮ್ಮ ಚೀಲದಲ್ಲಿ ಟವೆಲ್ಲು, ಲೋಟ ತುಂಬಿಕೊಟ್ಟು ಗಾಡಿಯ ಪಕ್ಕ ನಿಂತಳು.

“ರೀ, ಆ ಮೊಟ್ಟೆಗಳಿಗೆ ನಾನೇನು ಮಾಡ್ಬೇಕು?”

“ಬಿಸಿಲು ತಾಗದ ಹಾಗೆ ನೋಡು. ಮರಳು ಒಣಗಿದ್ರೆ ಸ್ವಲ್ಪ ನೀರು ಚಿಮುಕಿಸು.”

“ಅಷ್ಟೇನಾ? ಬೇರೆ?”

ಅವನಿಗೆ ಕಾಲು ಸಿಡಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಹೇಳಿದ: “ನಿನ್ನ ಕೋಳಿಮೊಟ್ಟೆ ನೋಡ್ಕೊಳ್ಳೋ ಹಾಗೆ ನೋಡ್ಕೋ. ಸಾಕು.”

ಗಾಡಿ ಹೊರಟಿತು. ಕೋಳಿಯಮ್ಮ ಒಳಗೆ ಹೋಗಿ ಕೈತೊಳೆದಳು. ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಲಿನ ಮರಳನ್ನು ಅಂಗೈಯಲ್ಲಿ ಸರಿಸಿದಳು. ಬಿಳಿ ಮೊಟ್ಟೆಗಳ ನೆತ್ತಿಯ ಮೇಲೆಲ್ಲ ಪೆನ್ಸಿಲ್ ಗುರುತು. ಅವಳ ಮುಖ ಅರಳಿತು. ಬಲ್ಬಿನ ಪೆಟ್ಟಿಗೆಯ ಮೊಟ್ಟೆಗಳಿಗೆ ಅವಳೂ ಹೀಗೆಯೇ ಇದ್ದಿಲಿನಿಂದ ಗುರುತು ಹಾಕುತ್ತಿದ್ದಳು. ಗುರುತು ಮೇಲಿದ್ದರೆ ಕೆಳಗೆ ಮಾಡಬೇಕು, ಕೆಳಗಿದ್ದರೆ ಮೇಲೆ. ಯಾವುದನ್ನು ಮಗುಚಿದೆ, ಯಾವುದನ್ನು ಬಿಟ್ಟೆ ಎಂದು ತಿಳಿಯಲು. ಕೋಳಿಮೊಟ್ಟೆಯನ್ನು ಮಗುಚದೆ ಬಿಟ್ಟರೆ ಮರಿ ಸಿಪ್ಪೆಗೆ ಅಂಟಿ ಸಾಯುತ್ತದೆ.

“ನೋಡು,” ಎಂದಳು ಮೊಮ್ಮಗಳಿಗೆ. “ನಿಮ್ಮಜ್ಜ ನನ್ನಿಂದ ಕದ್ದು ಕಲಿತಿದಾರೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?”

ಮೊಮ್ಮಗಳು ಎಂಟನೆಯ ತರಗತಿ. ಮೇಡಂ ಕೊಟ್ಟ ಪುಸ್ತಕದಲ್ಲಿ ದಿನವೂ ಪೆಟ್ಟಿಗೆಗಳ ಶಾಖ ಬರೆಯುವುದು ಅವಳ ಪಾಲಿನ ಕೆಲಸ. ಮುತ್ತಿನಂಥ ಅಕ್ಷರ. ಆ ದಿನ ಶಾಖದ ಪಕ್ಕದಲ್ಲಿ ಬರೆದಳು: ‘ನೀರು ಚಿಮುಕಿಸಿದ್ದು. ಅಜ್ಜಿ ಮೊಟ್ಟೆ ಮಗುಚಿದ್ದು.’

ಮುಂದಿನ ಇಪ್ಪತ್ತಾರು ದಿನ ಕೋಳಿಯಮ್ಮ ಬೆಳಗ್ಗೆ ಚಹಾ ಕುಡಿಯುವ ಮುಂಚೆ ಶೆಡ್ಡಿಗೆ ಹೋಗುತ್ತಿದ್ದಳು. ಒಂದೂವರೆ ಗಂಟೆ ಬಗ್ಗಿ ಕೂತು ಐನೂರ ಹದಿನಾರನ್ನೂ ಒಂದೊಂದಾಗಿ ಮಗುಚುತ್ತಿದ್ದಳು. ಸೊಂಟ ಹಿಡಿದುಕೊಳ್ಳುತ್ತಿತ್ತು. ಗೋಡೆ ಹಿಡಿದು ಏಳುತ್ತಿದ್ದಳು.

“ಅತ್ತೆ, ಅಷ್ಟು ಹೊತ್ತು ಅಲ್ಲೇನು ಮಾಡ್ತೀರಿ?” ಎಂದು ಸೊಸೆ ಒಂದು ದಿನ ಕೇಳಿದಳು.

“ಬಾಣಂತನ.”

“ಅವುಗಳ ಅಮ್ಮಂದಿರು ಮರಳು ಮುಚ್ಚಿ, ಹಿಂದೆ ತಿರುಗಿ ನೋಡದೆ ಹೋಗಿದಾವೆ. ನೀವು ನೋಡಿದ್ರೆ ಸೊಂಟ ಮುರ್ಕೊಳ್ತಿದೀರಿ.”

“ಅಮ್ಮ ಬಿಟ್ಟು ಹೋದ್ರೆ ಅಜ್ಜಿ ನೋಡ್ಬೇಕಪ್ಪ. ಕೋಳಿಮೊಟ್ಟೆಗಾದ್ರೆ ದಿನಕ್ಕೆ ಮೂರು ಸಲ. ಇವಕ್ಕೆ ಒಂದೇ ಸಲ ಆಗುತ್ತೆ, ಪಾಪ.”

ಸೊಸೆ ನಕ್ಕು ಬುತ್ತಿ ಹಿಡಿದು ಕೆಲಸಕ್ಕೆ ಓಡಿದಳು. ಏನು ಒಂದು ಸಲ, ಯಾವುದು ಮೂರು ಸಲ ಎಂದು ಕೇಳುವಷ್ಟು ಹೊತ್ತು ಅವಳಿಗಿರಲಿಲ್ಲ.

ಮೇಡಂ ಒಂದು ಸಲ ಬಂದಳು. ನಾಲ್ಕು ದಂಡೆಗಳು ಅವಳೊಬ್ಬಳ ಕುತ್ತಿಗೆಗಿದ್ದವು. ಬಾಗಿಲಲ್ಲೇ ನಿಂತು ಪೆಟ್ಟಿಗೆಗಳ ಸಾಲು, ನೆರಳು, ಒದ್ದೆ ಗೋಣಿ ನೋಡಿದಳು. ಪುಸ್ತಕದ ಕೊನೆಯ ಪುಟದಲ್ಲಿ ಶಾಖದ ಅಂಕಿಗಳ ಮೇಲಷ್ಟೇ ಕಣ್ಣಾಡಿಸಿ ಸಹಿ ಹಾಕಿದಳು. “ತುಂಬ ಚೆನ್ನಾಗಿ ನೋಡ್ಕೊಂಡಿದೀರಮ್ಮ,” ಎಂದಳು. ಆ ಮಾತನ್ನು ಕೋಳಿಯಮ್ಮ ಒಂದು ವಾರ ನಲ್ಲಿಯ ಬಳಿ ಎಲ್ಲರಿಗೂ ಹೇಳಿದಳು. ಮೊಟ್ಟೆ ಮಾರಿದವನ ಹೆಂಡತಿ ಎಂದು ನಲವತ್ತು ವರ್ಷ ಕೇಳಿಸಿಕೊಂಡವಳು; ಹೇಳಲಿ ಬಿಡಿ.

ಅಜ್ಜ ಕಾಲಿನ ಎರಡು ಬೆರಳು ಕಳೆದುಕೊಂಡು, ಊರುಗೋಲು ಹಿಡಿದು ಮನೆಗೆ ಬಂದ. ಜಗಲಿಯಲ್ಲಿ ಕುಳಿತು ಮೊಮ್ಮಗಳಿಂದ ಪುಸ್ತಕ ಓದಿಸಿಕೊಂಡ. ಅವನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

“ಶಾಖ ಮೂವತ್ತು. ನೀರು ಚಿಮುಕಿಸಿದ್ದು. ಅಜ್ಜಿ ಮೊಟ್ಟೆ ಮಗುಚಿದ್ದು.”

“ಏನಂದೆ?”

ಹುಡುಗಿ ಮತ್ತೆ ಓದಿದಳು. ಮುಂದಿನ ದಿನದ್ದನ್ನೂ ಓದಿದಳು.

“ಎಷ್ಟು ದಿನ ಹೀಗೆ ಬರೆದಿದೀಯ?”

“ದಿನಾ. ಅಜ್ಜಿ ಒಂದು ದಿನಾನೂ ತಪ್ಪಿಸಿಲ್ಲ. ಯಾಕಜ್ಜ?”

ಅವನು ಊರುಗೋಲು ಎತ್ತಿಕೊಂಡು ಶೆಡ್ಡಿಗೆ ಹೋಗಿ ಒಂದು ಮೊಟ್ಟೆಯನ್ನು ಬಿಡಿಸಿ ನೋಡಿದ. ಮೂರನೆಯ ಪೆಟ್ಟಿಗೆಯಲ್ಲಿ ಇನ್ನೊಂದು. ಐದನೆಯದರಲ್ಲಿ ಇನ್ನೊಂದು. ಮೂರನ್ನೂ ಮರಳಲ್ಲಿ ಮುಚ್ಚಿ ಹೊರಗೆ ಬಂದಾಗ ಹೆಂಡತಿ ಚಹಾ ಹಿಡಿದು ನಿಂತಿದ್ದಳು.

“ಹೇಗಿದೆ ನನ್ನ ಕೆಲಸ?”

ಅವಳ ಮುಖವನ್ನು ಅವನು ಅಷ್ಟು ಹೊತ್ತು ನೋಡಿ ಎಷ್ಟೋ ವರ್ಷವಾಗಿತ್ತು. “ಚೆನ್ನಾಗಿದೆ,” ಎಂದ. “ಇನ್ನು ಮಗುಚಬೇಡ.”

“ಅದು ನನಗೂ ಗೊತ್ತು ಬಿಡ್ರಿ. ಕೋಳಿಮೊಟ್ಟೆಗೂ ಕೊನೆ ಕೊನೆಗೆ ಮಗುಚೋದಿಲ್ಲ. ಮರಿ ತಲೆ ಎತ್ತೋ ಹೊತ್ತು.”

ಆ ಸಂಜೆ ಸೊಸೆ ಒಲೆ ಹಚ್ಚುವ ಮುಂಚೆ ಅಜ್ಜ ಪುಸ್ತಕದ ಪುಟಗಳನ್ನು ಹರಿದು ಒಲೆಗೆ ಹಾಕಿ ಸುಟ್ಟ. ಮೊಮ್ಮಗಳು ನೋಡುತ್ತಿದ್ದಳು. ತಾನು ಬರೆದದ್ದರಲ್ಲಿ ಏನೋ ತಪ್ಪಿದೆ ಎಂದು ಅವಳಿಗೆ ಅನಿಸಿ ಅಳು ಬಂತು.

“ನಿನ್ನ ತಪ್ಪಲ್ಲ,” ಎಂದ ಅಜ್ಜ. “ಯಾರ ಹತ್ತಿರಾನೂ ಬಾಯಿ ಬಿಡಬೇಡ. ಅಜ್ಜಿ ಹತ್ತಿರವಂತೂ ಬಿಡಲೇಬೇಡ.”

ಹದಿನೈದು ದಿನದ ಮೇಲೆ ಮೊದಲ ಪೆಟ್ಟಿಗೆಯ ಮರಳು ಅಲುಗಿತು. ಕೋಳಿಯಮ್ಮ ಇಡೀ ಓಣಿಗೆ ಕೇಳುವಂತೆ ಕೂಗಿದಳು. ಹನ್ನೊಂದು ಮರಿಗಳು ಬಂದವು, ಕಪ್ಪಗೆ, ಅಂಗೈಗಿಂತ ಚಿಕ್ಕವು. ಸಂಜೆ ಊರೆಲ್ಲ ದಂಡೆಗೆ ಬಂತು. ಮಗನೂ ಬಂದ. ಮರಿಗಳು ಅಲೆಯೊಳಗೆ ಹೋಗುವುದನ್ನು ನೋಡಿ ಅವನು ಮೊದಲ ಸಲ ಅಪ್ಪನ ಹೆಗಲ ಮೇಲೆ ಕೈಯಿಟ್ಟ.

“ಸೋತೆ ಅಪ್ಪ. ಇನ್ನು ನಿನ್ನ ಗಂಜಿಗೆ ಹೆಸರಿಡಲ್ಲ.”

ಅಜ್ಜ ಕಡಲ ಕಡೆ ನೋಡುತ್ತ ನಿಂತ. ಆ ಕೈ ಅವನಿಗೆ ಭಾರವಾಯಿತು.

ಆಮೇಲೆ ಏನೂ ಅಲುಗಲಿಲ್ಲ. ಕೋಳಿಯಮ್ಮ ದಿನಕ್ಕೆ ಹತ್ತು ಸಲ ಕಿವಿಗೊಟ್ಟು ಕೇಳಿದಳು. ಒಂದು ವಾರವಾಯಿತು, ಎರಡು ವಾರವಾಯಿತು. ಶೆಡ್ಡಿನಿಂದ ವಾಸನೆ ಬಂದು ಅಡುಗೆಮನೆಯನ್ನೂ ಹಿಡಿಯಿತು. ಸೊಸೆ ಮೂಗು ಮುಚ್ಚಿಕೊಂಡು ಅನ್ನ ಬಡಿಸಿದಳು. ಮಗ ತಟ್ಟೆ ದೂಡಿದ.

“ಏನಾಯ್ತು ಅಪ್ಪ? ನೀನು ಬಾಯಿ ಬಿಡ್ತೀಯೋ ಇಲ್ವೋ?”

“ಸಭೆಯಲ್ಲಿ ಹೇಳ್ತೀನಿ.”

“ಮನೇಲಿ ಹೇಳೋಕೆ ಏನಾಗಿದೆ ನಿನಗೆ?”

“ಮನೇಲಿ ಹೇಳಿ ಅಭ್ಯಾಸ ಇಲ್ಲ ಅವರಿಗೆ,” ಎಂದಳು ಕೋಳಿಯಮ್ಮ ಗಂಡನ ಪರವಾಗಿ ತಮಾಷೆ ಮಾಡುತ್ತ. ಯಾರೂ ನಗಲಿಲ್ಲ.

ಸಭೆ ಸೇರಿದ್ದು ಬಲೆ ಅಂಗಡಿಯ ಮುಂದಿನ ಚಪ್ಪರದಲ್ಲಿ. ಬಲೆ ಅಂಗಡಿಯವನೇ ಊರ ಸಮಿತಿಯ ಮುಖ್ಯಸ್ಥ. ಮೇಡಂ ಐದು ಪೆಟ್ಟಿಗೆಗಳಿಂದ ಒಂದಿಷ್ಟು ಮೊಟ್ಟೆ ತೆಗೆದು, ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ಕೈಗವಸು ಕಳಚಿದಳು.

“ಇವು ತಾವಾಗಿ ಕೆಟ್ಟಿಲ್ಲ,” ಎಂದಳು. “ಮರಿ ಕಟ್ಟಿ, ಆಮೇಲೆ ಸತ್ತಿವೆ. ಯಾರದೋ ಕೈತಪ್ಪಿನಿಂದ ಹೀಗಾಗಿದೆ. ಪುಸ್ತಕದಲ್ಲಿ ಪುಟಗಳೂ ಇಲ್ಲ.”

“ನಾನೇ,” ಎಂದ ಮೊಟ್ಟೆಯಜ್ಜ. “ಕಾಲು ನೋವಿತ್ತು. ಪೆಟ್ಟಿಗೆಯಲ್ಲಿ ಇಡೋವಾಗ ಅವಸರ ಮಾಡಿದೆ. ಉಲ್ಟಾಪಲ್ಟಾ ಆಗಿದೆ. ಗೊತ್ತಾಗಬಾರದು ಅಂತ ಪುಟ ಹರಿದೆ.”

ಚಪ್ಪರದಲ್ಲಿದ್ದವರೆಲ್ಲ ಒಟ್ಟಿಗೆ ಶುರುಮಾಡಿದರು.

“ನಾಲ್ಕು ತಿಂಗಳು ಮಕ್ಕಳಿಗೆ ಬರೀ ಗಂಜಿ ಕುಡಿಸಿದೀವಿ ಅಜ್ಜ, ನಿನ್ನ ನಂಬಿ.”

“ಮಾರೋ ಕೈಗೆ ಸಾಕೋಕೆ ಬರುತ್ತಾ? ನಾನು ಅವತ್ತೇ ಹೇಳಿದ್ದೆ.”

“ಬೇಕೂ ಅಂತಲೇ ಮಾಡಿರ್ತಾನೆ. ಹಳೇ ಬುದ್ಧಿ.”

ಅಜ್ಜ ತಲೆ ತಗ್ಗಿಸಿ ನಿಂತ. ಇದನ್ನು ಅವನು ಲೆಕ್ಕ ಹಾಕಿಕೊಂಡೇ ಬಂದಿದ್ದ. ತನಗೆ ಬೈಗುಳ ಹೊಸದಲ್ಲ, ಮೈಗೆ ಹತ್ತುವುದಿಲ್ಲ. ಅವಳಾದರೆ ನಾಳೆ ಬೆಳಗ್ಗೆ ಈ ಮೂವತ್ತೆರಡು ಮನೆಗಳ ಹೆಂಗಸರ ಜೊತೆ ನಲ್ಲಿಗೆ ಹೋಗಬೇಕು. ಮಗ ಮುಖ ತಿರುಗಿಸಿ ಹೊರಡಲು ಎದ್ದಿದ್ದನ್ನೂ ಅವನು ನೋಡಿದ.

ಆಗ ಹೆಂಗಸರ ಕಡೆಯಿಂದ ಕೋಳಿಯಮ್ಮ ಎದ್ದು ನಿಂತಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

“ಸಾಕು ಮಾಡಿ,” ಎಂದಳು. “ಯಾರಿಗೆ ಏನು ಅಂತಿದೀರಿ? ಅವರು ಯಾಕೆ ಹಾಗೆ ಹೇಳ್ತಿದಾರೋ ನನಗೆ ಗೊತ್ತಿಲ್ಲ. ಜ್ವರ ತಲೆಗೇರಿ ಮರೆವು ಬಂದಿರಬೇಕು. ಅವರು ಸರಿಯಾಗೇ ಇಟ್ಟಿದ್ರು, ಒಂದೊಂದರ ಗುರುತೂ ಮೇಲಿತ್ತು. ನಾನು ಕಣ್ಣಾರೆ ನೋಡಿದೀನಿ.”

“ಸುಮ್ನೆ ಕೂತ್ಕೊ,” ಎಂದ ಅಜ್ಜ.

“ಯಾಕೆ ಕೂತ್ಕೊಳ್ಳಲಿ? ಇವರು ಆಸ್ಪತ್ರೆಯಲ್ಲಿದ್ದಾಗ ನೋಡ್ಕೊಂಡಿದ್ದು ನಾನು. ಮೇಡಂ, ನೀವೇ ಬಂದು ನೋಡಿ ಚೆನ್ನಾಗಿದೆ ಅಂದ್ರಲ್ಲ. ಇಪ್ಪತ್ತಾರು ದಿನ, ಒಂದು ದಿನ ತಪ್ಪಿಸದೆ, ಐನೂರ ಹದಿನಾರನ್ನೂ ಈ ಕೈಯಲ್ಲಿ ಮಗುಚಿದೀನಿ. ಇವತ್ತು ಗುರುತು ಮೇಲೆ, ನಾಳೆ ಗುರುತು ಕೆಳಗೆ. ಸುಳ್ಳಾದ್ರೆ ನನ್ನ ಮೊಮ್ಮಗಳನ್ನ ಕೇಳಿ. ದಿನಾ ಬರೆದಿದಾಳೆ.”

ಅವಳು ಎಲ್ಲರ ಮುಖ ನೋಡಿದಳು. ಬೈಯುತ್ತಿದ್ದವರೆಲ್ಲ ಬಾಯಿ ಮುಚ್ಚಿದ್ದರು. ಗೆದ್ದೆ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಮೇಡಂ ಪೆನ್ನಿನ ಮುಚ್ಚಳ ಹಾಕಿ ತಲೆ ತಗ್ಗಿಸಿದಳು. ಮೊಮ್ಮಗಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಕೊನೆಗೆ ಬಲೆ ಅಂಗಡಿಯವನು ಮೆಲ್ಲಗೆ ಹೇಳಿದ. “ಆಮೆ ಮೊಟ್ಟೆ ಮಗುಚಬಾರದು ಕಣಮ್ಮ. ಮಗುಚಿದ್ರೆ ಒಳಗಿನ ಮರಿ ಸಾಯುತ್ತೆ. ಗುರುತು ಹಾಕೋದೇ ಅದಕ್ಕೆ.”

ಅವಳು ಗಂಡನ ಕಡೆ ತಿರುಗಿದಳು.

“ಹೌದಾ?”

“ಹೌದು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವತ್ತಿಂದ?”

“ನಮ್ಮಪ್ಪನ ಕಾಲದಿಂದ.”

“ಗಾಡಿ ಹೊರಡೋ ಮುಂಚೆ ನಾನು ಕೇಳಿದ್ದೆ,” ಎಂದಳು. “ಏನು ಮಾಡ್ಬೇಕು ಅಂತ ಎರಡು ಸಲ ಕೇಳಿದ್ದೆ.”

ಅವಳು ಸೊಂಟದಿಂದ ಸೆರಗು ಬಿಡಿಸಿಕೊಂಡು ಒಬ್ಬಳೇ ಮನೆಗೆ ನಡೆದಳು.

ತಿಂಗಳೊಳಗೆ ಬೇಲಿ ಬಂತು. ಕಬ್ಬಿಣದ ಕಂಬಗಳು, ಮೂರು ಸಾಲು ತಂತಿ, ಒಳಗೆ ಬರಕೂಡದೆಂಬ ಫಲಕ. ದೋಣಿಗಳಲ್ಲಿ ಒಂಬತ್ತನ್ನು ಮಾರಿದರು. ಉಳಿದವು ಮನೆಗಳ ಗೋಡೆಗೆ ಮಗುಚಿ ಬಿದ್ದವು. ಮಗ ಬಂದರಿಗೆ ಹೊರಟ. ಹದಿನೈದು ದಿನಕ್ಕೊಮ್ಮೆ ಬರುತ್ತೇನೆಂದ. ಹೊರಡುವಾಗ ಅಮ್ಮನ ಕಾಲು ಮುಟ್ಟಿದ, ಅಪ್ಪನಿಗೆ ಹೇಳದೆ ಹೋದ. ಸೊಸೆ ಸಿಗಡಿ ಶೆಡ್ಡಿನಲ್ಲಿ ಎರಡು ಪಾಳಿ ಹಿಡಿದಳು. ಬೇಲಿಯೊಳಗೆ ಕಾವಲಿಗೆ ಯಾರನ್ನೂ ಇಟ್ಟಿರಲಿಲ್ಲ. ಮೊದಲ ವಾರವೇ ನಾಯಿಗಳು ತಂತಿಯಡಿ ನುಸುಳಿ ಗೂಡೊಂದನ್ನು ಬಗೆದು ಹಾಕಿದ್ದು ಊರಿಗೆಲ್ಲ ಕಾಣುತ್ತಿತ್ತು.

ನಲ್ಲಿಯ ಬಳಿ ಕೋಳಿಯಮ್ಮನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅವಳು ಬಂದರೆ ಮಾತು ನಿಲ್ಲಿಸಿ ಕೊಡ ಸರಿಸಿ ಜಾಗ ಬಿಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಸೊಸೆಯ ಹತ್ತಿರ ಒಂದೇ ಸಲ ಹೇಳಿದಳು.

ಕೋಳಿಗಳು ಶೆಡ್ಡಿಗೆ ಮರಳಿದವು. ಬಲ್ಬಿನ ಪೆಟ್ಟಿಗೆಯಲ್ಲಿ ಸೊಸೆ ಇಪ್ಪತ್ತು ಮೊಟ್ಟೆ ಇಟ್ಟು ಬಲ್ಬು ಹಾಕಿದಳು; ಮನೆಗೆ ಈಗ ಒಂದೊಂದು ಮರಿಯೂ ಬೇಕಿತ್ತು. ಕೋಳಿಯಮ್ಮ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಮೊಟ್ಟೆ ಮುಟ್ಟುವುದನ್ನೇ ಬಿಟ್ಟಿದ್ದಳು. ಕೋಳಿ ಇಟ್ಟದ್ದನ್ನೂ ಮೊಮ್ಮಗಳೇ ಎತ್ತಿ ತರಬೇಕಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಅಜ್ಜ ಊರುಗೋಲು ಗೋಡೆಗಿಟ್ಟು ಪೆಟ್ಟಿಗೆಯ ಮುಂದೆ ಕುಳಿತ. ಮುಚ್ಚಳ ತೆಗೆದ.

“ನಾನು ಮಗುಚ್ತೀನಿ,” ಎಂದ. “ಹೇಗೆ ಅಂತ ಹೇಳು.”

ಅವಳು ಪಾತ್ರೆ ತಿಕ್ಕುತ್ತಿದ್ದಳು. ತಿರುಗಲಿಲ್ಲ.

“ದಿನಕ್ಕೆ ಎಷ್ಟು ಸಲ? ಬೆಳಗ್ಗೇನಾ, ಸಂಜೇನಾ?” ಎಂದು ಅವನು ಮತ್ತೆ ಕೇಳಿದ. “ಹೇಳೇ.”

“ನಿಮ್ಮ ಆಮೆ ಮೊಟ್ಟೆ ನೋಡ್ಕೊಳ್ಳೋ ಹಾಗೆ ನೋಡ್ಕೊಳ್ಳಿ,” ಎಂದಳು. “ಸಾಕು.”

ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ಅಜ್ಜ ಒಂದು ಮೊಟ್ಟೆ ಎತ್ತಿಕೊಂಡ. ಬಲ್ಬಿನ ಕಾವಿಗೆ ಬೆಚ್ಚಗಿತ್ತು. ಒಂದು ಬದಿಗೆ ಇದ್ದಿಲಿನ ಗುರುತು. ನಲವತ್ತು ವರ್ಷ ಈ ಪೆಟ್ಟಿಗೆ ಅವನ ಮನೆಯಲ್ಲೇ ಇತ್ತು, ಇದರ ಬಗ್ಗೆ ಒಂದು ದಿನವೂ ಅವನು ಅವಳನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೆ ಮೊಟ್ಟೆಗೆ ಮಾಡುವಂತೆಯೇ ಗುರುತು ಮೇಲೆ ಮಾಡಿ ಇಟ್ಟು, ಮುಚ್ಚಳ ಹಾಕಿದ.